ಉಣ್ಣುವ ಬಾಯಿಗಳ ಲೆಕ್ಕ

“ಬುದ್ಧಿ, ನನ್ನ ಪಕ್ಕದ ಮೇಜಿನವನಿಗೆ ತೆರಿಗೆಯವರಿಂದ ನಲವತ್ತು ಸಾವಿರ ವಾಪಸು ಬಂತು. ಅಷ್ಟೇ ಸಂಬಳದ ನನಗೆ ಬಂದದ್ದು ನೂರಿಪ್ಪತ್ತು ರೂಪಾಯಿ. ಅಲ್ಲಿಯೂ ಮುಖ ನೋಡಿ ಮಣೆ ಹಾಕುತ್ತಾರೆಯೇ?”

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ದಾಕ್ಷಾಯಿಣಿ ಮಠದ ಜಗುಲಿಯಲ್ಲಿ ಕೂತು ಗುರುಗಳನ್ನು ಹೀಗೆ ಕೇಳಿದಳು. ಆ ಪುಣ್ಯಾತ್ಮ ಕಚೇರಿಗೆಲ್ಲ ಪೇಡೆ ಹಂಚಿದ್ದ. ತಿಂದ ಪೇಡೆ ಅವಳಿಗಿನ್ನೂ ಅರಗಿರಲಿಲ್ಲ. ಬಾಡಿಗೆ, ವಿಮೆ, ಉಳಿತಾಯ ಇಷ್ಟಿಷ್ಟು ಎಂದು ಕಚೇರಿಯ ನಮೂನೆಯಲ್ಲಿ ಬರೆದುಕೊಟ್ಟರೆ ತಿಂಗಳ ಸಂಬಳದಲ್ಲಿ ಹಿಡಿಯುವ ತೆರಿಗೆ ಕಡಿಮೆಯಾಗುತ್ತದೆ. ಈ ಸಲ ಅವನಂತೆ ಆ ನಮೂನೆಯನ್ನು ಖಾಲಿ ಕೊಟ್ಟು, ಹೆಚ್ಚು ತೆರಿಗೆ ಹಿಡಿಸಿಕೊಂಡು, ಮುಂದಿನ ವರ್ಷ ಅದು ವಾಪಸು ಬಂದಾಗ ತಾನೂ ಪೇಡೆ ಹಂಚುವುದೆಂದು ನಿಶ್ಚಯಿಸಿದ್ದಳು. ಅಲ್ಲಿಯವರೆಗೆ ಖರ್ಚು ಹೊಂದಿಸಲು ಮಗಳ ತಬಲಾ ಪಾಠ ನಿಲ್ಲಿಸಬೇಕಾಗುತ್ತಿತ್ತು. ಮಗಳಿಗೆ ಇನ್ನೂ ಹೇಳಿರಲಿಲ್ಲ.

ಗುರುಗಳು ನಕ್ಕರು. “ಒಂದು ಕತೆ ಕೇಳವ್ವಾ” ಎಂದರು.

ಅರಮನೆಗೆ ಬಟ್ಟೆ ನೇಯುವ ಇಬ್ಬರು ನೇಕಾರರಿದ್ದರು. ಅಕ್ಕಪಕ್ಕದ ಮನೆ, ಒಂದೇ ಕೂಲಿ, ತಲಾ ನಾಲ್ಕು ಮಕ್ಕಳು. ಕೂಲಿಯನ್ನು ತಿಂಗಳಿಗೊಮ್ಮೆ ರಾಗಿಯಲ್ಲಿ ಅಳೆಯುತ್ತಿದ್ದರು. ಅರಮನೆಗೆ ಸಲ್ಲಬೇಕಾದ ಪಾಲನ್ನು ಉಗ್ರಾಣಿ ಅಳೆಯುವಾಗಲೇ ಅಂದಾಜಿನಲ್ಲಿ ಹಿಡಿದುಕೊಳ್ಳುತ್ತಿದ್ದ. ಉಣ್ಣುವ ಬಾಯಿ ಹೆಚ್ಚಿದ್ದ ಮನೆಯಿಂದ ಹಿಡಿಯುವ ಪಾಲು ಕಡಿಮೆ. ಯುಗಾದಿಯಂದು ತಾಳೆ ನೋಡಿ, ಹೆಚ್ಚು ಹಿಡಿದಿದ್ದರೆ ಮರಳಿಸುತ್ತಿದ್ದ. ಕಡಿಮೆ ಹಿಡಿದಿದ್ದರೆ ನೇಕಾರನೇ ಹೊತ್ತು ತಂದು ತುಂಬಬೇಕಿತ್ತು.

ವರ್ಷದ ಮೊದಲಿಗೆ ಉಗ್ರಾಣಿ ಕೇಳಿದ, “ಮನೆಯಲ್ಲಿ ಉಣ್ಣುವವರೆಷ್ಟು?”

ಮೊದಲನೆಯವನು “ಆರು” ಎಂದ. ಎರಡನೆಯವನಿಗೆ, ಮಕ್ಕಳನ್ನು ಎಣಿಸಿ ಹೇಳಿದರೆ ದೃಷ್ಟಿ ತಾಗುತ್ತದೆಂಬ ಅಂಜಿಕೆ. “ನಾನೊಬ್ಬನೇ ಅಂತ ಬರಕೊಳ್ಳಿ ಸ್ವಾಮಿ” ಎಂದ. ಉಗ್ರಾಣಿ ಹಾಗೆಯೇ ಬರೆದುಕೊಂಡ, ಹಾಗೆಯೇ ಹಿಡಿದ.

ಎರಡನೆಯವನ ಮನೆಯಲ್ಲಿ ತಿಂಗಳ ಮೂರನೆಯ ವಾರಕ್ಕೆ ಮುದ್ದೆ ಹೋಗಿ ಅಂಬಲಿಯಾಗುತ್ತಿತ್ತು. ನಾಲ್ಕನೆಯ ವಾರಕ್ಕೆ ಅಂಬಲಿಯೂ ನೀರಾಗುತ್ತಿತ್ತು. ಹೆಂಡತಿ ಅರಮನೆಯನ್ನು ಬೈಯುತ್ತಿದ್ದಳು. ಗಂಡನೂ ದನಿಗೂಡಿಸುತ್ತಿದ್ದ.

ಯುಗಾದಿ ಬಂತು. ಆ ಮನೆಯಲ್ಲಿ ಆರು ಜನರೆಂದು ಊರಗೌಡ ಸಾಕ್ಷಿ ಹೇಳಿದ. ನಾಲ್ಕು ಮೂಟೆ ರಾಗಿ ಮರಳಿ ಬಂತು. ನೇಕಾರ ಉಗ್ರಾಣಿಗೆ ಅಡ್ಡಬಿದ್ದ. ಗಾಡಿಗೆ ತೋರಣ ಕಟ್ಟಿಸಿ, ಹಲಗೆ ಬಾರಿಸಿಕೊಂಡು ಬೀದಿಗೆ ಬಂದ. ಪಕ್ಕದ ಮನೆಯವನನ್ನು ಕಂಡು, “ನಿನಗೆಷ್ಟು ಬಂತಣ್ಣ?” ಎಂದ.

“ಒಂದು ಸೇರು.”

“ಏನು ಮಾಡೋದು, ಪಡೆದುಕೊಂಡು ಬಂದಿರಬೇಕು ಬಿಡು” ಎಂದು ಮೀಸೆ ತಿರುವಿದ.

ಅವನ ಹೆಂಡತಿ ಬಾಗಿಲಿಗೆ ಬಂದು ಮೂಟೆಗಳನ್ನು ನೋಡಿದಳು. “ನಮ್ಮ ರಾಗಿ ನಮ್ಮನೆಗೆ ಬರೋಕೆ ಒಂದು ವರ್ಷ ಬೇಕಾಯ್ತೇನ್ರೀ?” ಎಂದಳು. ಹಲಗೆಯ ಸದ್ದಿನಲ್ಲಿ ಅವನಿಗದು ಕೇಳಿಸಲಿಲ್ಲ.

ಗುರುಗಳು ಕತೆ ಮುಗಿಸಿದರು. ದಾಕ್ಷಾಯಿಣಿ ಅಷ್ಟು ಸುಲಭಕ್ಕೆ ಸೋಲುವವಳಲ್ಲ. “ಕೈಗೆ ಬಂದಿದ್ದರೆ ಖರ್ಚಾಗಿಬಿಡುತ್ತಿತ್ತು ಬುದ್ಧಿ. ಉಗ್ರಾಣದಲ್ಲಿದ್ದದ್ದಕ್ಕೆ ಉಳಿಯಿತಲ್ಲ?” ಎಂದಳು.

“ಉಳಿಸುವವನಿಗೆ ಮನೆಯಲ್ಲೊಂದು ಕಣಜವಿರಲಿಲ್ಲವೇ?”

ಆದರೂ ಅವಳ ಮನಸ್ಸು ಒಪ್ಪಲಿಲ್ಲ. “ಒಂದು ಸೇರಿನವನಿಗೆ ಆ ದಿನ ಹೊಟ್ಟೆ ಉರಿದಿರಬೇಕು, ಪಾಪ. ಅವನ ಮನೆ ಮುಂದೆ ಯಾರೂ ಹಲಗೆ ಬಾರಿಸಲಿಲ್ಲವಲ್ಲ” ಎಂದಳು.

ಗುರುಗಳು ಹೇಳಿದರು, “ವರ್ಷವೆಲ್ಲ ಹೊಟ್ಟೆ ಸೇರಿದ ರಾಗಿಗೆ ಹಲಗೆ ಯಾರು ಬಾರಿಸುತ್ತಾರವ್ವಾ?”