ಬರಿದಾಗಿ ಬರುತ್ತಿದ್ದ ಗಾಡಿ

“ಗುರುಗಳೇ, ಬೆಳಿಗ್ಗೆ ಒಂದೂರು, ಸಂಜೆ ಒಂದೂರು ಎಂದು ಸುತ್ತಿ ಪಾಠ ಹೇಳಿ ಬಂದೆ. ತಿಳಿಯಲಿಲ್ಲ ಎಂದು ಒಬ್ಬರೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ನನ್ನ ಬೋಧನೆಯಲ್ಲಿ ಕೊರತೆಯಿಲ್ಲ ಎಂದು ನಂಬಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು, ಒಂದು ಕತೆ ಹೇಳಿದರು.

ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಬಾವಿಯ ರಾಟೆ ಮಾಡಿಸಿ ದೂರದ ಹಳ್ಳಿಗಳಿಗೆ ಗಾಡಿಯಲ್ಲಿ ಕಳಿಸುತ್ತಿದ್ದ. ಮೊದಲ ಸಲ ಗಾಡಿ ಹೊರಟಾಗಲೇ ಗಾಡಿಯವನಿಗೆ ಕಟ್ಟಪ್ಪಣೆ ಮಾಡಿದ್ದ: ಕೆಟ್ಟ ರಾಟೆ ಯಾರು ಕೊಟ್ಟರೂ ತರಕೂಡದು. ಮುರಿದ ಮಾಲು ಪೇಟೆ ಬೀದಿಯಲ್ಲಿ ಮೆರವಣಿಗೆ ಬಂದರೆ ತನ್ನ ಮಾನ ಉಳಿಯುವುದೇ?

ಗಾಡಿ ಪ್ರತಿಸಲವೂ ಬರಿದಾಗಿ ಬಂತು. ವರ್ಷಗಳು ಉರುಳಿದವು. ತಾನು ಮಾಡಿದ ಅಪ್ಪಣೆ ಅವನಿಗೇ ಮರೆತುಹೋಯಿತು. “ನೋಡಿ, ನನ್ನ ರಾಟೆ ಒಂದಾದರೂ ವಾಪಸು ಬಂದಿದೆಯೇ?” ಎಂದು ಮೀಸೆ ತಿರುವತೊಡಗಿದ.

ಒಂದು ವರ್ಷ ಗಾಡಿ ತುಂಬಿ ಬಂತು. ಹೊಸ ರಾಟೆಗಳನ್ನು ಯಾರೂ ಕೊಂಡಿರಲಿಲ್ಲ. ಅಂಗಡಿ ಮುಚ್ಚುವ ಗತಿ ಬಂತಲ್ಲ ಎಂದು ವ್ಯಾಪಾರಿ ತಾನೇ ಗಾಡಿ ಹತ್ತಿದ.

ಮೊದಲ ಹಳ್ಳಿಯಲ್ಲೇ ಒಬ್ಬ ಮುದುಕಿ ಬರಿಗೈಯಲ್ಲಿ ಹಗ್ಗ ಎಳೆದು ನೀರು ಸೇದುತ್ತಿದ್ದಳು. ಅಂಗೈ ಬೊಬ್ಬೆ ಎದ್ದಿತ್ತು.

“ಅಜ್ಜೀ, ರಾಟೆ ಏನಾಯ್ತು?”

“ಅಗೋ, ಕೋಳಿಗೂಡಿನ ಬಾಗಿಲಿಗೆ ಅಡ್ಡ ಇಟ್ಟಿದೀನಿ. ಗಾಲಿ ಕಲ್ಲಿನ ಹಾಗಿದೆ ಕಣಪ್ಪಾ, ನಡುವಿನ ಅಚ್ಚು ಸವೆದದ್ದು ಅಷ್ಟೇ. ಒಯ್ದು ಸರಿಮಾಡಿಸಿ ಕೊಡು ಅಂದ್ರೆ, ನಮ್ಮ ಧಣಿ ಬೇಡ ಅಂದಿದಾರೆ ಅಂದ ನಿಮ್ಮ ಗಾಡಿಯವನು. ಕೆಟ್ಟರೆ ಕೇಳೋರಿಲ್ಲದ ಮಾಲು ನಮಗ್ಯಾಕೆ?”

ವ್ಯಾಪಾರಿಗೆ ತನ್ನ ಅಪ್ಪಣೆ ಆಗ ನೆನಪಾಯಿತು. ನಾಚಿಕೆಯಿಂದ ಕುಗ್ಗಿಹೋದ. ಆದರೆ ಕುಗ್ಗಿ ಕೂರಲಿಲ್ಲ. ಮನೆಮನೆ ಹೊಕ್ಕು ಹಳೆಯ ರಾಟೆಗಳನ್ನೆಲ್ಲ ಗಾಡಿಗೆ ಹಾಕಿಸಿದ. ಅವು ಗಡಗಡ ಸದ್ದು ಮಾಡುತ್ತ ನಡುಹಗಲಲ್ಲೇ ಪೇಟೆ ಬೀದಿಗೆ ಬಂದವು. ಬೀದಿಯವರು ನಕ್ಕರು. ನಗಲಿ ಎಂದು ಅವನು ಗಾಡಿಯ ಮುಂದೆಯೇ ನಡೆದ. ಕಮ್ಮಾರ ಹೊಸ ಅಚ್ಚು ಹಾಕಿದ. ರಾಟೆಗಳು ತಮ್ಮ ತಮ್ಮ ಬಾವಿಗೆ ಮರಳಿದವು. ಅಂದಿನಿಂದ ಗಾಡಿ ಹೋಗುವಾಗಲೂ ತುಂಬಿರುತ್ತಿತ್ತು, ಬರುವಾಗಲೂ ತುಂಬಿರುತ್ತಿತ್ತು. ಕೆಟ್ಟದ್ದನ್ನು ಒಯ್ಯುವವನೆಂದು ತಿಳಿದ ಮೇಲೆ ಹೊಸದನ್ನೂ ಜನ ಅವನ ಬಳಿಯೇ ಕೊಂಡರು.

ಕತೆ ಮುಗಿಯಿತು. ಶಿಷ್ಯ ತಲೆದೂಗಿದ.

ಗುರುಗಳು ಕೇಳಿದರು: “ಪಾಠ ಮುಗಿದ ಮೇಲೆ ನೀನು ಆ ಊರುಗಳಲ್ಲಿ ಎಷ್ಟು ಹೊತ್ತು ಕುಳಿತಿದ್ದೆ?”

ಶಿಷ್ಯ ಎದ್ದು ನಮಸ್ಕರಿಸಿ, ಮೊದಲು ಪಾಠ ಹೇಳಿದ್ದ ಊರಿನ ದಾರಿ ಹಿಡಿದ.