ಗುಟ್ಟು ಕಾಯಲು ಕೂತ ಕೆಂಚೀರ

ಏಳು ಕೆರೆ ದಾಟಿ ಎಂಟನೇ ಕೆರೆಯ ಏರಿ ಮೇಲೆ ನಿಂತರೆ ಕಾಣುವಂಥ ಒಂದೂರಿತ್ತಂತೆ. ಆ ಊರಲ್ಲಿ ಮುದ್ದವ್ವ ಅಂತ ಒಬ್ಬ ಗಾಣಗಿತ್ತಿ. ಅಪ್ಪ ಅವ್ವ ಇಲ್ಲ. ಒಬ್ಬಳೇ ಗಾಣ ಆಡಿಸುವಳು, ಒಬ್ಬಳೇ ಎಣ್ಣೆ ಮಾರುವಳು. ಅವ್ವ ಸಾಯುವಾಗ ಕೊಟ್ಟುಹೋದ ಚಿನ್ನವನ್ನು ಕಳ್ಳರ ಭಯಕ್ಕೆ ಒಂದು ಕುಡಿಕೆಗೆ ಹಾಕಿ, ಊರಾಚೆ ಬೇವಿನ ಮರದ ಬುಡದಲ್ಲಿ ಹೂತಿಟ್ಟಿದ್ದಳಂತೆ. ಊರ ಬಯಲಲ್ಲಿ ಅಗೆದಾಗ ಏನು ಸಿಕ್ಕರೂ ಅದು ಗೌಡನ ಪಾಲು ಅನ್ನುವುದು ಆ ಊರಿನ ಕಟ್ಟಳೆ. ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಅತ್ತೆ ಮಗ ಕೆಂಚೀರನ ಮೇಲೆ ಮನಸ್ಸು. ಅವನಿಗೂ ಇವಳೆಂದರೆ ಪ್ರಾಣ. ಸುಗ್ಗಿ ಕಳೆದ ಮೇಲೆ ಮದುವೆ ಅಂತ ಮಾತಾಗಿತ್ತು. ಒಂದು ದಿನ ಅವನು ಗಾಣದ ಎತ್ತು ಹೊಡೆಯುತ್ತ ಅವಳನ್ನು ನಗಿಸುತ್ತಿದ್ದಾಗ ಮುದ್ದವ್ವನಿಗೆ ಅನ್ನಿಸಿತಂತೆ, ಮನಸ್ಸೇ ಕೊಟ್ಟ ಮೇಲೆ ಕುಡಿಕೆ ಯಾಕೆ ಮುಚ್ಚಿಡಲಿ ಅಂತ.

"ಭಾವ, ಒಂದು ಗುಟ್ಟು ಹೇಳ್ತೀನಿ. ಯಾರಿಗೂ ಹೇಳಬ್ಯಾಡ."

"ನಾಲಿಗೆ ಕೊಯ್ದರೂ ಹೇಳಲ್ಲ ಕಣೇ."

ಹೇಳಿದಳು.

ಕೆಂಚೀರ ಮಾತಿಗೆ ತಪ್ಪಲಿಲ್ಲ. ಯಾರಿಗೂ ಹೇಳಲಿಲ್ಲ. ಆದರೆ ಅವತ್ತಿಂದ ಅವನಿಗೆ ಅನ್ನ ಸೇರಲಿಲ್ಲ. ಮರದ ಹತ್ತಿರ ಹಂದಿ ಮೂತಿ ಹಾಕಿದರೆ ಎದೆ ಧಸಕ್ ಅನ್ನುವುದು. ಮೇಕೆ ಬಂದರೆ ಓಡಿಸಿದ. ಹೆಂಗಸರು ನೆರಳಿಗೆ ಕೂತರೆ ಎಬ್ಬಿಸಿದ. ಕೊನೆಗೆ ತಾನೇ ಬುಡದಲ್ಲಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಬೆಳಗೂ ಕೂತ, ಬೈಗೂ ಕೂತ.

"ಯಾಕಪ್ಪ ಇಲ್ಲಿ ಕೂತಿದೀಯ?" ಅಂದರು ಜನ. ಬಾಯಿ ಬಿಟ್ಟರೆ ಗುಟ್ಟು ಜಾರೀತು ಅಂತ ಅವನು ಬಾಯಿಯ ಜೊತೆಗೆ ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡನಂತೆ.

"ಮಾತಿಲ್ಲ, ಕತೆಯಿಲ್ಲ. ಇಲ್ಲಿ ಮಾರಮ್ಮ ಬಂದು ನೆಲೆಸಿರಬೇಕು" ಅಂದಿತು ಊರು. ಒಬ್ಬಳು ಅರಿಸಿನ ತಂದು ಅವನಿಗೇ ಬಳಿದಳು, ಇನ್ನೊಬ್ಬಳು ಕುಂಕುಮ ಎರಚಿದಳು, ಮತ್ತೊಬ್ಬಳು ಕೋಳಿ ಹರಸಿಕೊಂಡಳು. ಗೌಡನೂ ಬಂದು ಕೈಮುಗಿದು, "ಇಲ್ಲೇ ಗುಡಿ ಕಟ್ಟಿಸ್ತೀನಿ. ನಾಳೆ ಪಾಯ ತೋಡ್ರೋ" ಅಂದನಂತೆ.

ಕೆಂಚೀರ ಬಿದ್ದೆದ್ದು ಗಾಣದ ಮನೆಗೆ ಓಡಿದ. "ಮುದ್ದೀ, ಕೆಟ್ಟೆವು ಕಣೇ!"

ಆದದ್ದು ಕೇಳಿ ಮುದ್ದವ್ವನಿಗೆ ಮೈಯೆಲ್ಲ ಉರಿ. "ಹೋಗಿ ಕಾಯಿ ಅಂದಿದ್ನಾ? ಸುಮ್ಮನಿರು ಅಂದಿದ್ದೆ!"

"ನಿಮ್ಮವ್ವನ ಚಿನ್ನ ಅಲ್ವೇನೇ? ಹೋದರೆ ನಿನ್ನ ಮುಖ ಹೆಂಗೆ ನೋಡಲಿ?"

ಅವನ ಕಣ್ಣು ಗುಳಿ ಬಿದ್ದಿತ್ತು, ಮೈತುಂಬ ಅರಿಸಿನ ಕುಂಕುಮ. ಚಿನ್ನದ ಮೇಲೆಯೇ ಕೂತಿದ್ದರೂ ಒಂದು ಬೆರಳು ಮಣ್ಣು ಕೆದಕಿರಲಿಲ್ಲ ಪುಣ್ಯಾತ್ಮ. ಮುದ್ದವ್ವನ ಸಿಟ್ಟೆಲ್ಲ ನಗುವಾಗಿಹೋಯಿತು. "ನಾಳೆ ನಾನು ಏನೇ ಆಡಿದರೂ ಹೆದರಬ್ಯಾಡ" ಅಂದಳಂತೆ.

ಮರುದಿನ ಇನ್ನೇನು ಗುದ್ದಲಿ ಬೀಳಬೇಕು, ಮುದ್ದವ್ವ ತಲೆಗೂದಲು ಬಿಚ್ಚಿ ಹೂಂಕರಿಸುತ್ತ ಬಂದಳಂತೆ.

"ಲೋ ಗೌಡ! ಯಾರನ್ನ ಕೇಳಿ ಗುದ್ದಲಿ ಹಿಡಿಸಿದೆ?"

ಗೌಡ ಅಡ್ಡಬಿದ್ದ. "ತಪ್ಪಾಯ್ತು ತಾಯೀ. ಏನಪ್ಪಣೆ?"

"ನನಗೆ ಗುಡಿ ಬ್ಯಾಡ. ಮಣ್ಣಲ್ಲಿ ನನ್ನ ಕುಡಿಕೆ ಇದೆ, ಈ ಗಾಣಗಿತ್ತಿ ಮನೆಗೆ ಸೇರಿಸು. ತೆಗೆಯೋವಾಗ ನೋಡಿದವರ ಕಣ್ಣು ಹೋದಾವು!"

ಊರಿಗೆ ಊರೇ ಕಣ್ಣು ಮುಚ್ಚಿತು. ಗೌಡ ಎರಡೂ ಅಂಗೈ ಕಣ್ಣಿಗೆ ಒತ್ತಿ ಹಿಡಿದ. ಕೆಂಚೀರನೂ ಭಯಭಕ್ತಿಯಿಂದ ಕಣ್ಣು ಮುಚ್ಚಿದ್ದ. ಮುದ್ದವ್ವ ಅವನ ಪಕ್ಕೆಗೆ ತಿವಿದು, "ನೀನಲ್ಲ, ಅಗಿ!" ಅಂತ ಪಿಸುಗುಟ್ಟಿದಳಂತೆ.

ಕುಡಿಕೆ ಹಳದಿ ಬಟ್ಟೆ ಹೊದ್ದು, ತಮಟೆ ಬಡಿಸಿಕೊಂಡು, ಹಾಡಹಗಲಲ್ಲೇ ಮನೆ ಸೇರಿತು. ಮುಂದೆ ನಿಂತು ದಾರಿ ಬಿಡಿಸಿದವನು ಗೌಡನೇ.

ಸುಗ್ಗಿ ಕಳೆಯಿತು, ಮದುವೆ ಆಯಿತು. ಮುದ್ದವ್ವ ಕುಡಿಕೆಯನ್ನು ಬೇರೆ ಕಡೆ ಬಚ್ಚಿಟ್ಟು ಗಂಡನ ಹತ್ತಿರ ಬಂದಳು. ಅವನು ಎರಡೂ ಕಿವಿ ಮುಚ್ಚಿಕೊಂಡ.

"ಬ್ಯಾಡ ಕಣೇ, ನಂಗೆ ಹೇಳಬ್ಯಾಡ!"

"ನಿಂಗಲ್ಲದೆ ಇನ್ಯಾರಿಗೆ ಹೇಳಲಿ?" ಅಂತ ಅವಳು ಕೈ ಬಿಡಿಸಿ ಹೇಳಿಯೇಬಿಟ್ಟಳು. "ಆದರೆ ಅಲ್ಲಿ ಹೋಗಿ ಕೂತೀಯ, ಜೋಕೆ!"

ಅವನು ಕೂರಲಿಲ್ಲ. ಆ ಕಡೆ ಬೆನ್ನು ಹಾಕಿ, ಸಿಳ್ಳೆ ಹೊಡೆಯುತ್ತ ಓಡಾಡುವುದನ್ನು ಕಷ್ಟಪಟ್ಟು ಕಲಿತನಂತೆ.

ಅವರು ಅಲ್ಲಿ ಉಂಡುಟ್ಟು ಚೆನ್ನಾಗಿದ್ದಾರೆ. ಇಲ್ಲಿ ಕತೆ ಕೇಳಿದ ನೀವೂ ಏಳಿ, ಊಟಕ್ಕೆ ಎಲೆ ಹಾಕಿಯಾಯಿತು.