ಎಣ್ಣೆ ಕಲಸಿದ ಕೈ

"ಗುರುಗಳೇ, ಜನ ಪ್ರೀತಿಯಿಂದ ಕೊಡುವ ಮರ್ಯಾದೆಯನ್ನೂ ಅನುಮಾನದಿಂದ ನೋಡಬೇಕೆ?" ಎಂದು ಚೆನ್ನವೀರ ಕೇಳಿದ.

ಅವನು ಮಠಕ್ಕೆ ಹೊಸಬ. ಮಾತು ಚೆನ್ನಾಗಿತ್ತು, ಕಂಠ ಅದಕ್ಕಿಂತ ಚೆನ್ನಾಗಿತ್ತು. ಸುತ್ತಲ ಹಳ್ಳಿಗಳವರು ಪ್ರವಚನಕ್ಕೆ ಅವನನ್ನೇ ಕೇಳಿ ಕರೆಸಿಕೊಳ್ಳುತ್ತಿದ್ದರು. ಅವನು ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. ಕೆಲವು ದಿನ ಧ್ವನಿ ಕಟ್ಟಿಹೋಗಿ ಸನ್ನೆಯಲ್ಲೇ ಊಟ ಕೇಳುತ್ತಿದ್ದ. ಸ್ವಲ್ಪ ಕಡಿಮೆ ಮಾಡು ಎಂದು ಗುರುಗಳು ಹೇಳಿದ್ದು ಅವನಿಗೆ ರುಚಿಸಿರಲಿಲ್ಲ. ತಾನಾಗಿ ಯಾರನ್ನೂ ಕೇಳಿಕೊಂಡಿಲ್ಲ, ಅವರೇ ಕರೆಯುತ್ತಾರೆ, ಹೋದರೆ ಅವರಿಗೆ ಸಂತೋಷ, ತನಗೂ ಸಂತೋಷ, ಇದರಲ್ಲಿ ಕೇಡೆಲ್ಲಿದೆ ಎಂಬುದು ಅವನ ವಾದ.

ಗುರುಗಳು ಅವನಿಗೆ ಕೂರಲು ಹೇಳಿ ಕತೆ ಶುರು ಮಾಡಿದರು.

ಎರೆಮಣ್ಣಿನ ಸೀಮೆಯಲ್ಲಿ ಒಬ್ಬ ರೈತನಿದ್ದ. ಮೆಣಸಿನಕಾಯಿ ಬೆಳೆಯುತ್ತಿದ್ದ. ಅವನ ತಾಯಿ ಕೈಗುಣಕ್ಕೆ ಹೆಸರಾದವಳು. ಆಕೆ ಕಲಸಿದ ಉಪ್ಪಿನಕಾಯಿಗೆ ವರ್ಷ ಕಳೆದರೂ ಬೂಸು ಹಿಡಿಯುತ್ತಿರಲಿಲ್ಲ. ಮಾವಿನಕಾಯಿ ಕಾಲ ಬಂದರೆ ಊರಿನ ಭರಣಿಗಳೆಲ್ಲ ಆಕೆಗಾಗಿ ಕಾದು ಕೂರುತ್ತಿದ್ದವು. ಆಕೆ ತೀರಿಕೊಂಡ ಮೇಲೆ ಆ ಗುಣ ಮಗನಿಗೆ ಬಂದಿದೆ ಎಂದು ಊರು ತೀರ್ಮಾನಿಸಿತು. ಉಪ್ಪಿನಕಾಯಿ ಅವನಿಗೆ ಬರುತ್ತಿರಲಿಲ್ಲ. ಆದ್ದರಿಂದ ಬಿತ್ತನೆಯ ಮೊದಲ ಹಿಡಿ ಕಾಳಿಗೆ, ಹೊಸ ಎತ್ತಿನ ಕೊರಳಿಗೆ ಹಗ್ಗ ಕಟ್ಟುವುದಕ್ಕೆ ಅವನನ್ನು ಕರೆಯುತ್ತಿದ್ದರು.

ಒಂದು ವರ್ಷ ಮೆಣಸಿನ ಗಿಡಗಳಿಗೆ ಎಲೆ ಮುರುಟುವ ರೋಗ ಬಂತು. ಎಲ್ಲರೂ ಕೀಟನಾಶಕ ಹೊಡೆಯತೊಡಗಿದರು. ಆ ಕಡೆ ಅದನ್ನು ಎಣ್ಣೆ ಎನ್ನುತ್ತಾರೆ. ಡ್ರಮ್ಮಿಗೆ ನೀರು ತುಂಬಿ, ಅದಕ್ಕೆ ಎಣ್ಣೆ ಸುರಿದು, ಕೋಲಿನಿಂದ ಚೆನ್ನಾಗಿ ಕದಡಿ, ಪಂಪಿಗೆ ತುಂಬಿಕೊಂಡು ಹೊಡೆಯಬೇಕು. ರೈತ ಕದಡುತ್ತಿದ್ದಾಗ ಅವನ ಕೋಲು ಮುರಿಯಿತು. ಇನ್ನೊಂದು ಹುಡುಕಿ ತರುವಷ್ಟು ತಾಳ್ಮೆ ಅವನಿಗಿರಲಿಲ್ಲ. ಅಂಗಿಯ ತೋಳನ್ನು ಭುಜದವರೆಗೆ ಮಡಚಿ ಕೈಯನ್ನೇ ಇಳಿಸಿ ಕಲಸಿದ. ಆ ವರ್ಷ ಊರಿನ ಹೊಲಗಳೆಲ್ಲ ಮುರುಟಿದವು, ಅವನ ಹೊಲ ಹಸಿರಾಗಿ ಉಳಿಯಿತು. ಅವನು ಉಳಿದವರಿಗಿಂತ ಒಂದು ವಾರ ಮೊದಲೇ ಹೊಡೆದಿದ್ದ, ಕಾರಣ ಅಷ್ಟೇ. ಊರಿಗೆ ಕಂಡದ್ದು ಮಾತ್ರ ಅವನ ಕೈ.

ಮರುವರ್ಷದಿಂದ ಎಣ್ಣೆ ಹೊಡೆಯುವ ಕಾಲದಲ್ಲಿ ಬೆಳಗಾದರೆ ಅವನ ಬಾಗಿಲಿಗೆ ಮೋಟಾರ್ ಸೈಕಲ್ ಬರುತ್ತಿತ್ತು. ಹೊಲಕ್ಕೆ ಹೋದರೆ ಅವನಿಗೆ ಕೂರಲು ಕಂಬಳಿ ಹಾಸುತ್ತಿದ್ದರು. ಹೊಲದ ಯಜಮಾನ ಬಾಟಲಿಯ ಮುಚ್ಚಳ ತೆಗೆದು, ಮುಖ ಒಂದು ಬದಿಗೆ ತಿರುಗಿಸಿ, ಎಣ್ಣೆ ಸುರಿದು ಹಿಂದೆ ಸರಿಯುತ್ತಿದ್ದ. ರೈತ ಮುಂದೆ ಬಂದು, ಮನೆದೇವರನ್ನು ನೆನೆದು, ಬಲಗೈಯನ್ನು ತೋಳಿನವರೆಗೆ ಇಳಿಸಿ ಕಲಸುತ್ತಿದ್ದ. ಆಮೇಲೆ ಕೈಗೆ ಒಂದು ಚೊಂಬು ನೀರು. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರೆ ಮುಗಿಯಿತು. ಅದೇ ಕೈಗೆ ಮಂಡಕ್ಕಿ, ಮಿರ್ಚಿ, ಚಹಾ. ಚಹಾದಂಗಡಿಯವನು ಅವನಿಗೆ ಮಾತ್ರ ಎರಡು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದ. ಮದುವೆಮನೆಯಲ್ಲಿ ಅವನನ್ನು ಬೀಗರ ಸಾಲಿನಲ್ಲಿ ಕೂರಿಸುತ್ತಿದ್ದರು. ಹೊಗಳಿಕೆಯಲ್ಲಿ ಮೋಸವಿರಲಿಲ್ಲ. ಊರಿನವರು ನಿಜವಾಗಿಯೂ ಅವನನ್ನು ಮೆಚ್ಚುತ್ತಿದ್ದರು.

ಅವನಿಗೆ ಒಬ್ಬಳೇ ತಂಗಿ. ಪಕ್ಕದ ಊರಿಗೆ ಕೊಟ್ಟಿದ್ದರು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳಿಗೆ ಗಂಡು ಮಗು ಹುಟ್ಟಿತು. ಮಗುವಿನ ಜವಳ ತೆಗೆಸುವ ಮಾತು ಬಂತು. ಆ ಸೀಮೆಯ ಪದ್ಧತಿಯಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ಅದರ ಮೊದಲ ಕೂದಲನ್ನು ಅವನೇ ಕತ್ತರಿಯಿಂದ ತೆಗೆಯಬೇಕು. ಉಳಿದದ್ದು ಕ್ಷೌರಿಕನ ಕೆಲಸ. ತಂಗಿ ಹೇಳಿ ಕಳಿಸಿದಳು, ಬೇರೆ ಯಾರ ಕೈಯೂ ತನ್ನ ಮಗುವಿನ ತಲೆ ಮುಟ್ಟಬಾರದು, ಊರೆಲ್ಲ ಕೊಂಡಾಡುವ ಕೈಯೇ ಬೇಕು ಎಂದು.

ರೈತನಿಗೆ ಹಿಗ್ಗಾಗಬೇಕಿತ್ತು. ಬೆವರು ಬಂತು.

ಯಾಕೆಂದರೆ ಆ ಕೈ ಕೆಲವು ತಿಂಗಳಿಂದ ನಡುಗುತ್ತಿತ್ತು. ಮೊದಲು ಚರ್ಮ ತುರಿಸಿತು, ಉಗುರು ಹಳದಿಯಾದವು. ಕಲಸಿ ಬಂದ ದಿನ ಸಂಜೆಗೆ ತಲೆ ಭಾರವಾಗುತ್ತಿತ್ತು, ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಆಮೇಲೆ ಬೆರಳ ತುದಿಗಳು ಮರಗಟ್ಟಿದವು. ಗುಂಡಿ ಹಾಕಿದನೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ. ನಡುಕ ಬಂದದ್ದು ಕೊನೆಗೆ. ಅವನು ಯಾರಿಗೂ ಹೇಳಲಿಲ್ಲ. ಕೈಗುಣದವನ ಕೈಗೇ ರೋಗವೆಂದರೆ ಊರು ಏನೆಂದೀತು? ಕಪ್ಪುಬಸಿಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟ. ಬಸಿ ಸದ್ದು ಮಾಡಿ ಚಾಡಿ ಹೇಳುತ್ತಿತ್ತು. ಗುಂಡಿಯ ಅಂಗಿ ಬಿಟ್ಟು ತಲೆಯಿಂದ ಎಳೆದು ತೊಡುವ ಜುಬ್ಬ ಹೊಲಿಸಿದ. ಅವನಿಗೆ ಈ ವಯಸ್ಸಿನಲ್ಲಿ ಷೋಕಿ ಬಂದಿದೆ ಎಂದು ಊರು ನಕ್ಕಿತು. ಅವನೂ ನಕ್ಕ.

ಜವಳದ ದಿನ ಹತ್ತಿರ ಬಂತು. ಹಸುಗೂಸಿನ ಕಿವಿಯ ಪಕ್ಕದಲ್ಲಿ ಕತ್ತರಿ ಹಿಡಿಯಬೇಕು. ಹೇಗೂ ಹಿಡಿಯುತ್ತೇನೆ ಎಂದುಕೊಂಡು ಅವನು ಹಿತ್ತಲಲ್ಲಿ ಅಭ್ಯಾಸಕ್ಕೆ ಕೂತ. ಹಸಿ ಗೋವಿನಜೋಳದ ತೆನೆಗಳನ್ನು ತಂದು, ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡು, ತುದಿಯ ಕೂದಲನ್ನು ಕತ್ತರಿಸತೊಡಗಿದ. ಕೂದಲು ಸ್ವಲ್ಪ ಹೋಗುತ್ತಿತ್ತು, ಕಾಳು ಹೆಚ್ಚು ಹೋಗುತ್ತಿತ್ತು.

ಹೆಂಡತಿ ಪಾತ್ರೆ ತೊಳೆಯಲು ಬಂದವಳು ನೋಡಿದಳು. ಆಮೇಲೆ ಬಿದ್ದ ತೆನೆಯೊಂದನ್ನು ಎತ್ತಿ ತಿರುಗಿಸಿದಳು.

"ಏನ್ರೀ, ಜವಳ ಈ ತೆನೆಯದೋ, ನಿಮ್ಮ ತಂಗಿಯ ಮಗುವಿನದೋ? ತೆನೆಯದಾದರೆ ಚಿಂತೆಯಿಲ್ಲ, ಅದಕ್ಕೆ ಕಿವಿಯಿಲ್ಲ."

ರೈತ ಮಾತು ಹಾರಿಸಲು ನೋಡಿದ. ಕತ್ತರಿ ಮೊಂಡಾಗಿದೆ ಎಂದ. ಅವಳು ಕತ್ತರಿ ತೆಗೆದುಕೊಂಡು ಒಂದೇ ಏಟಿಗೆ ಕೂದಲನ್ನು ಸಮನಾಗಿ ಕತ್ತರಿಸಿ ತೋರಿಸಿದಳು. ಗಾಳಿ ಬೀಸುತ್ತಿದೆ ಎಂದ. ಅವಳು ಅವನ ಕೈ ಹಿಡಿದುಕೊಂಡು ಮೂಗಿನ ಹತ್ತಿರ ತಂದಳು. ಮೂರು ದಿನದಿಂದ ಅವನು ಯಾರ ಹೊಲಕ್ಕೂ ಹೋಗಿರಲಿಲ್ಲ. ಆದರೂ ಎಣ್ಣೆಯ ವಾಸನೆ ಹಾಗೆಯೇ ಇತ್ತು. ಊಟದ ಹೊತ್ತಿಗೆ ಬರುತ್ತಿದ್ದ, ತಾನು ಇಷ್ಟು ದಿನ ರೊಟ್ಟಿಯಲ್ಲಿ ಹುಡುಕಿದ ವಾಸನೆ ಎಲ್ಲಿಂದ ಬರುತ್ತಿತ್ತೆಂದು ಅವಳಿಗೆ ತಿಳಿಯಿತು.

ಮರುದಿನ ಅವಳೇ ಅವನನ್ನು ತಾಲ್ಲೂಕಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಖಾಲಿ ಬಾಟಲಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಿದ್ದಳು. ಅಲ್ಲಿನ ವೈದ್ಯೆ ಬಾಟಲಿ ನೋಡಿ, ಕೈ ನೋಡಿ, ರಕ್ತ ಪರೀಕ್ಷೆ ಮಾಡಿಸಿದಳು. ತಾನು ಒಂದು ಹನಿಯನ್ನೂ ಕುಡಿದಿಲ್ಲ ಎಂದು ರೈತ ಆಣೆ ಮಾಡಿದ. ವೈದ್ಯೆ ಬಿಡಿಸಿ ಹೇಳಿದಳು. ಇದನ್ನು ಕುಡಿಯಲೇಬೇಕೆಂದಿಲ್ಲ, ಇದು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹುಳದ ನರವನ್ನು ಕೆಡಿಸಿ ಕೊಲ್ಲುವ ವಿಷ ಮನುಷ್ಯನ ನರವನ್ನೂ ಗುರುತಿಸುತ್ತದೆ. ಹುಳು ಚಿಕ್ಕದು, ತಕ್ಷಣ ಸಾಯುತ್ತದೆ. ಮನುಷ್ಯ ದೊಡ್ಡವನು, ನಿಧಾನವಾಗಿ ಕೆಡುತ್ತಾನೆ. ಈಗಲಾದರೂ ನಿಲ್ಲಿಸಿದರೆ ನಡುಕ ಕಡಿಮೆಯಾಗಬಹುದು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ.

ರೈತ ತನ್ನ ಆಯುಷ್ಯದ ಬಗ್ಗೆ ಕೇಳಲಿಲ್ಲ. ಮುಂದಿನ ತಿಂಗಳು ಜವಳವಿದೆ, ಅಷ್ಟರಲ್ಲಿ ಕೈ ನಿಲ್ಲುತ್ತದೆಯೇ ಎಂದು ಕೇಳಿದ.

"ಜವಳವನ್ನು ಮುಂದಕ್ಕೆ ಹಾಕಿ ಯಜಮಾನರೇ," ಎಂದಳು ವೈದ್ಯೆ. "ಮಗುವಿನ ಕೂದಲು ಕಾಯುತ್ತದೆ. ಕಾದಷ್ಟೂ ಬೆಳೆಯುತ್ತದೆ."

ಹೆಂಡತಿ ನಾದಿನಿಯ ಊರಿಗೆ ಹೋಗಿ ಮುಹೂರ್ತ ಸರಿಯಿಲ್ಲವೆಂದು ಹೇಳಿ ಮುಂದಿನ ವರ್ಷಕ್ಕೆ ಮಾಡಿಸಿದಳು. ಇನ್ನು ಉಳಿದದ್ದು ಊರು. ಕೈ ಹಾಕುವುದನ್ನು ಬಿಟ್ಟರೆ ತನ್ನ ಮರ್ಯಾದೆಯೂ ಹೋಗುತ್ತದೆ ಎಂದು ರೈತ ಕೊರಗಿದ. ಬೆಳಗ್ಗೆ ಮೋಟಾರ್ ಸೈಕಲ್ ಸದ್ದಾದರೆ ಅವನ ಕಾಲು ತಾವಾಗಿಯೇ ಚಪ್ಪಲಿ ಹುಡುಕುತ್ತಿದ್ದವು. ಹೆಂಡತಿ ಹೊಸ್ತಿಲಲ್ಲಿ ಅಡ್ಡ ಕೂತಳು. ಅವಳ ಪಕ್ಕದಲ್ಲಿ ಲಕ್ಕಿ ಗಿಡದ ಉದ್ದನೆಯ ಕೋಲುಗಳ ಒಂದು ಹೊರೆ. ಹಿಂದಿನ ದಿನ ಅವುಗಳನ್ನು ಗಂಡನಿಂದಲೇ ಕಡಿಸಿ ತೊಗಟೆ ಕೆತ್ತಿಸಿದ್ದಳು.

ಬಂದವರಿಗೆಲ್ಲ ಅವಳು ಹೇಳಿದ್ದು ಒಂದೇ. ಸೋದರಳಿಯನ ಜವಳದವರೆಗೆ ಯಜಮಾನರಿಗೆ ವ್ರತವಿದೆ, ಡ್ರಮ್ಮಿಗೆ ಕೈ ಹಾಕುವಂತಿಲ್ಲ. ಆದರೆ ಈ ಕೋಲು ಅವರ ಕೈಯಾರೆ ಕಡಿದದ್ದು, ಕೈಗುಣವೆಲ್ಲ ಇದರಲ್ಲಿಯೇ ಇದೆ. ಬೇಕಾದರೆ ಒಯ್ಯಿರಿ. ತುಂಬು ತೋಳಿನ ಅಂಗಿ ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಗಾಳಿ ನೋಡಿ ಕಲಸಿರಿ. ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂರಿರಿ. ಹೀಗೆ ಮಾಡದಿದ್ದರೆ ಕೋಲಿನ ಗುಣ ಕೆಡುತ್ತದೆ.

ಊರಿನವರು ತಲೆ ಕೆರೆದುಕೊಂಡರು. ಕೊನೆಗೆ ಒಬ್ಬ ಒಯ್ದ, ಅವನ ಹಿಂದೆ ಎಲ್ಲರೂ ಒಯ್ದರು. ಆ ವರ್ಷವೂ ಬೆಳೆ ಎಂದಿನಂತೆಯೇ ಬಂತು. ಯಾರ ಕೋಲಿಗೆ ಗುಣ ಹೆಚ್ಚು ಎಂಬ ಜಗಳ ಮಾತ್ರ ಹೊಸದು. ತನ್ನದು ಬುಡದ ಕಡೆಯ ಕೋಲು ಎಂದು ಒಬ್ಬ, ಯಜಮಾನ ಮೊದಲು ಮುಟ್ಟಿದ್ದು ತನ್ನದೇ ಎಂದು ಇನ್ನೊಬ್ಬ. ರೈತನ ಬಾಗಿಲಿಗೆ ಮೋಟಾರ್ ಸೈಕಲ್ ಬರುವುದು ಕಡಿಮೆಯಾಯಿತು. ಚಹಾದ ಸಕ್ಕರೆ ಮೊದಲಿನ ಅಳತೆಗೆ ಇಳಿಯಿತು. ಅವನಿಗೆ ಕೆಲವು ದಿನ ಬೇಸರವಾಯಿತು. ಹಾಗಾದರೂ ಹಲ್ಲು ಉಳಿದವು ಎಂದು ಹೆಂಡತಿ ಸಮಾಧಾನ ಹೇಳಿದಳು.

ವರ್ಷ ತುಂಬಿತು. ತಲೆಭಾರ ಹೋಯಿತು, ಕಣ್ಣೀರು ನಿಂತಿತು, ಬೆರಳಿಗೆ ಗುಂಡಿ ತಿಳಿಯತೊಡಗಿತು. ನಡುಕ ಬಹಳ ಮಟ್ಟಿಗೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಜವಳದ ದಿನ ಎರಡೂ ಊರಿನ ಜನ ಸೇರಿದರು. ಮಗು ಸೋದರಮಾವನ ತೊಡೆಯ ಮೇಲೆ ಕೂತು ಅವನ ಮೀಸೆಯನ್ನು ಪರೀಕ್ಷೆ ಮಾಡುತ್ತಿತ್ತು. ತಂಗಿ ಅರಿಶಿನ ಹಚ್ಚಿದ ಕತ್ತರಿಯನ್ನು ಕೊಟ್ಟಳು. ರೈತ ಕತ್ತರಿ ಎತ್ತಿದ. ಮಗುವಿನ ಕಿವಿಯ ಹತ್ತಿರ ಬರುತ್ತಿದ್ದಂತೆ ಅದರ ತುದಿ ಅಲುಗಿತು. ಎಲ್ಲರ ಕಣ್ಣೂ ಆ ಕೈಯ ಮೇಲೆಯೇ ಇತ್ತು. ಹೇಗೋ ಒಂದು ಎಳೆ ಕತ್ತರಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಕತ್ತರಿಯನ್ನು ಕೆಳಗಿಟ್ಟ.

"ತಂಗೀ, ನನ್ನ ಕೈ ನಡುಗುತ್ತದೆ," ಎಂದ. "ಎಣ್ಣೆ ಕಲಸಿ ಕಲಸಿ ಹೀಗಾಯಿತು. ಮುಹೂರ್ತ ಕೆಟ್ಟಿರಲಿಲ್ಲ, ಕೈ ಕೆಟ್ಟಿತ್ತು. ಕೂಸಿಗೆ ಗಾಯವಾದರೆ ನಾನು ತಾಳಲಾರೆ."

ತಂಗಿ ಒಂದು ಗಳಿಗೆ ಅಣ್ಣನ ಮುಖ ನೋಡಿದಳು. ಆಮೇಲೆ ಅವನ ಪಕ್ಕದಲ್ಲಿ ಕೂತು, ಕತ್ತರಿಯನ್ನು ಮತ್ತೆ ಅವನ ಬೆರಳಿಗೆ ಕೊಟ್ಟು, ಆ ಕೈಯನ್ನು ತನ್ನ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಳು.

"ಚಿಕ್ಕಂದಿನಲ್ಲಿ ನೀನು ನನ್ನ ಜಡೆ ಹೆಣೆಯುವಾಗಲೂ ಕೂದಲು ಕೀಳುತ್ತಿದ್ದೆ," ಎಂದಳು. "ಆಗ ಕೈ ನೆಟ್ಟಗಿತ್ತಲ್ಲ, ಆಗ ಏನು ಚಂದವಿತ್ತು? ಕತ್ತರಿಸು, ನಾನು ಹಿಡಿದಿದ್ದೇನೆ."

ಜನ ಗೊಳ್ಳೆಂದು ನಕ್ಕರು. ಆ ನಗುವಿನಲ್ಲಿಯೇ ಮೊದಲ ಕೂದಲು ತಟ್ಟೆಗೆ ಬಿತ್ತು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಅದು ಮೀಸೆಯನ್ನು ಬಿಟ್ಟಿರಲಿಲ್ಲ, ನೋವಾದದ್ದು ಮಾವನಿಗೆ. ಊರಿನ ಹಿರಿಯರು ಬಂದು ರೈತನ ಬೆನ್ನು ತಟ್ಟಿದರು. ಇಷ್ಟೆಲ್ಲ ಆಗುತ್ತದೆಂದು ತಮಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದರೆ ಕರೆಯುತ್ತಿದ್ದೆವೇ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಎಲ್ಲರೂ ಕೂತು ಹೋಳಿಗೆ ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಮುಖ ಅರಳಿತ್ತು.

"ಒಳ್ಳೆಯದಾಯಿತು ಗುರುಗಳೇ," ಎಂದ. "ಜನವೂ ಒಳ್ಳೆಯವರೇ. ಪಾಪ, ಅವರಿಗೇನು ಗೊತ್ತಿತ್ತು? ಗೊತ್ತಿಲ್ಲದೆ ಹೊಗಳಿದ್ದು ತಪ್ಪೆಂದು ಹೇಗೆ ಹೇಳುವುದು?"

ಗುರುಗಳು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

"ಗೊತ್ತಿರದಿದ್ದರೆ ಅವರಲ್ಲಿ ಒಬ್ಬನಾದರೂ ಆ ಡ್ರಮ್ಮಿಗೆ ತನ್ನ ಕೈಯನ್ನೇ ಅದ್ದುತ್ತಿದ್ದ, ಚೆನ್ನವೀರ."